ಪ್ಯಾಲೆಸ್ತೀನ್ ಪರ ಪ್ರತಿಭಟನೆಗೆ ಹೋಗ್ಬೇಕು, ಆದ್ರೆ ಭಯ ಅನ್ನೋರಿಗೆ: ಬೆಂಗಳೂರಿನ ಪೂರ್ತಿ ಗೈಡ್

ಗುರುವಾರ ಶುಕ್ರವಾರದ ಹೊತ್ತಿಗೆ ವಾಟ್ಸಾಪಲ್ಲಿ ಒಂದು ಪೋಸ್ಟರ್ ಬರತ್ತೆ. ಕಪ್ಪು ಬಿಳಿ ಹಸಿರು ಕೆಂಪು, ಮಧ್ಯ ಒಂದು ಕಲ್ಲಂಗಡಿ ಹೋಳು, ಕೆಳಗೆ "ಭಾನುವಾರ, ಫ್ರೀಡಂ ಪಾರ್ಕ್, ಎಲ್ಲರೂ ಬನ್ನಿ". ನೋಡಿದವ್ರಲ್ಲಿ ಸುಮಾರು ಜನಕ್ಕೆ ಹೋಗೋ ಮನಸ್ಸಿರತ್ತೆ, ಆಮೇಲೆ ನಂಗೆ ಮೆಸೇಜ್ ಬರತ್ತೆ: ಹೋದ್ರೆ ಕೇಸ್ ಹಾಕ್ತಾರಾ ಗುರೂ, ಪಾಸ್‌ಪೋರ್ಟಿಗೆ ತೊಂದ್ರೆ ಆಗತ್ತಾ, ಆಫೀಸಲ್ಲಿ ಗೊತ್ತಾದ್ರೆ? ಮೂರೂ ಒಂದೇ ಪ್ರಶ್ನೆ, ವೇಷ ಬೇರೆ ಅಷ್ಟೆ. ಪ್ರತಿ ಸಲ ಒಬ್ಬೊಬ್ಬರಿಗೇ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಸಾಕಾಗಿ ಈ ಸಲ ಕೂತು ಪೂರ್ತಿ ಬರೀತಿದ್ದೀನಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ವಕೀಲ ಅಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು. ಆದ್ರೆ ಹತ್ತು ಹದಿನೈದು ಪ್ರತಿಭಟನೆ ನೋಡಿದ್ದೀನಿ, ಒಂದ್ಸಲ ಬಿಎಂಟಿಸಿ ಬಸ್ಸಲ್ಲಿ ಟಿಕೆಟ್ ಇಲ್ದೆ ಪೊಲೀಸರ ಜೊತೆ ಒಂದು ಮೈದಾನಕ್ಕೆ ಹೋಗಿ ಸಂಜೆ ತನಕ ಕೂತು ಬಂದಿದ್ದೀನಿ. ಅವತ್ತು ನಂಗೆ ಅರ್ಥ ಆಗಿದ್ದು ಏನಪ್ಪಾ ಅಂದ್ರೆ, ಭಯ ಆಗೋದು ಪೊಲೀಸರನ್ನ ನೋಡಿ ಅಲ್ಲ, ಮುಂದೆ ಏನಾಗತ್ತೆ ಅಂತ ಗೊತ್ತಿಲ್ದೆ ಇರೋದ್ರಿಂದ. ಪಕ್ಕದಲ್ಲಿ ಕೂತಿದ್ದ ಅಂಗನವಾಡಿ ಯೂನಿಯನ್ನಿನ ಒಬ್ರು ಅಕ್ಕ, ವಯಸ್ಸು ಅರವತ್ತರ ಹತ್ರ, ಬ್ಯಾಗಿಂದ ಚಕ್ಕುಲಿ ಡಬ್ಬ ತೆಗ್ದು ಎಲ್ರಿಗೂ ಹಂಚ್ತಿದ್ರು. ನಾನು ಬೆವೆತು ಕೂತಿದ್ದೆ. "ತಿನ್ನಪ್ಪಾ, ಆರು ಗಂಟೆಗೆ ಬಿಡ್ತಾರೆ" ಅಂದ್ರು. ಆರೂ ಹತ್ತಕ್ಕೆ ಬಿಟ್ರು. ಆ ಅಕ್ಕನಿಗೆ ಗೊತ್ತಿದ್ದಿದ್ದು, ನಂಗೆ ಗೊತ್ತಿಲ್ದೆ ಇದ್ದಿದ್ದು, ಅದನ್ನೇ ಇಲ್ಲಿ ಬರೀತಿರೋದು.

ಯಾಕೆ ಹೋಗ್ತಿದ್ದೀರಾ ಅಂತ ಯಾರಾದ್ರೂ ಕೇಳಿದ್ರೆ

ಕೇಳೇ ಕೇಳ್ತಾರೆ. ಮನೇಲಿ ಕೇಳ್ತಾರೆ, ಆಟೋದವ್ರು ಕೇಳ್ತಾರೆ, ಗೇಟಲ್ಲಿ ನಿಂತಿರೋ ಕಾನ್‌ಸ್ಟೇಬಲ್ಲೂ ಕೇಳ್ತಾರೆ, "ಅಲ್ಲಿ ಎಲ್ಲೋ ಆಗಿದ್ದಕ್ಕೆ ಇಲ್ಲಿ ಯಾಕ್ ಸಾರ್?" ಅಂತ. ಸುಮ್ನೆ ಭಾವನೆ ಮೇಲೆ ಉತ್ತರ ಕೊಟ್ರೆ ಎರಡು ನಿಮಿಷದಲ್ಲಿ ಮಾತು ಹಿಂದೂ ಮುಸ್ಲಿಂ ಕಡೆ ತಿರುಗ್ಬಿಡತ್ತೆ, ಅದಕ್ಕೆ ನಾಲ್ಕು ವಿಷಯ ಬಾಯಲ್ಲಿರ್ಲಿ.

1948ರಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ತೀನಿಯರು ಮನೆ ಊರು ಬಿಟ್ಟು ಹೋಗ್ಬೇಕಾಯ್ತು, ಅದನ್ನೇ ಅವ್ರು ನಕ್ಬಾ ಅಂತಾರೆ, ಪ್ರತಿ ವರ್ಷ ಮೇ 15ಕ್ಕೆ ನೆನೆಸ್ಕೋತಾರೆ. 2023ರ ಅಕ್ಟೋಬರ್ 7ಕ್ಕೆ ಹಮಾಸ್ ದಾಳಿಯಲ್ಲಿ ಇಸ್ರೇಲಲ್ಲಿ ಸುಮಾರು 1,200 ಜನ ಸತ್ರು, ಸುಮಾರು 250 ಜನರನ್ನ ಒತ್ತೆ ಇಟ್ಕೊಂಡ್ರು. ಇದನ್ನ ಮುಚ್ಚಿಡೋಕೆ ಹೋಗ್ಬೇಡಿ, ನೀವೇ ಮೊದ್ಲು ಹೇಳಿ. ಆಮೇಲೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ 2025ರ ಅಕ್ಟೋಬರ್‌ನಲ್ಲಿ ಕದನ ವಿರಾಮ ಆಗೋ ಹೊತ್ತಿಗೆ 67,000 ದಾಟಿತ್ತು ಅಂತ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕ. ಇಸ್ರೇಲ್ ಮೇಲೆ ದಕ್ಷಿಣ ಆಫ್ರಿಕಾ ಹಾಕಿದ ನರಮೇಧದ ಕೇಸಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜನವರಿ 26ಕ್ಕೆ ಮಧ್ಯಂತರ ಆದೇಶ ಕೊಡ್ತು, ಅದೇ ವರ್ಷ ಜುಲೈ 19ಕ್ಕೆ ಬೇರೊಂದು ವಿಚಾರಣೆಯಲ್ಲಿ, ಇಸ್ರೇಲ್ ಪ್ಯಾಲೆಸ್ತೀನ್ ನೆಲದಲ್ಲಿ ಉಳ್ಕೊಂಡಿರೋದೇ ಕಾನೂನುಬಾಹಿರ ಅಂತ ಸಲಹಾ ಅಭಿಪ್ರಾಯ ಹೇಳ್ತು. ಇವೆಲ್ಲ ದಾಖಲೆಯಲ್ಲಿರೋದು, ನಿಮ್ಮ ಸ್ವಂತ ಅಭಿಪ್ರಾಯ ಅಲ್ಲ.

ಇದೆಲ್ಲಕ್ಕಿಂತ ನಮ್ಮೂರಲ್ಲಿ ಕೆಲಸಕ್ಕೆ ಬರೋದು ಭಾರತದ ಮಾತು. 1974ರಲ್ಲಿ ಪಿಎಲ್‌ಒಗೆ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಮಾನ್ಯತೆ ಕೊಟ್ಟಿದ್ದು, 1988ರಲ್ಲಿ ಪ್ಯಾಲೆಸ್ತೀನ್ ದೇಶಕ್ಕೇ ಮಾನ್ಯತೆ ಕೊಟ್ಟಿದ್ದು ನಮ್ಮ ಸರ್ಕಾರ, ದೆಹಲಿಯಲ್ಲಿ ಪ್ಯಾಲೆಸ್ತೀನ್ ರಾಯಭಾರ ಕಚೇರಿ ಇದೆ, ಎರಡು ದೇಶಗಳ ಪರಿಹಾರ ಆಗ್ಬೇಕು ಅನ್ನೋದು ಈಗಿನ ಸರ್ಕಾರದ ಅಧಿಕೃತ ನಿಲುವೂ ಹೌದು. ನಾನು ಆ ಕಾನ್‌ಸ್ಟೇಬಲ್ಲಿಗೆ "ಸಾರ್, ಭಾರತ ಸರ್ಕಾರನೇ ಒಪ್ಕೊಂಡಿರೋ ದೇಶ ಅದು" ಅಂದೆ. "ಹೌದಾ?" ಅಂದ್ರು ನಿಜವಾಗ್ಲೂ ಆಶ್ಚರ್ಯದಲ್ಲಿ, ಆಮೇಲೆ ಬ್ಯಾಗ್ ಚೆಕ್ ಮಾಡಿ ಒಳಗೆ ಬಿಟ್ರು.

ಜಾಗ: ಫ್ರೀಡಂ ಪಾರ್ಕೇ ಯಾಕೆ

ಇದು ಬೆಂಗಳೂರಿನವ್ರು ತಿಳ್ಕೊಳ್ಳಲೇಬೇಕಾದ ವಿಷಯ, ಯಾಕಂದ್ರೆ ಅರ್ಧ ಕೇಸು ಆಗೋದು ಏನು ಕೂಗಿದ್ರು ಅಂತ ಅಲ್ಲ, ಎಲ್ಲಿ ನಿಂತ್ಕೊಂಡ್ರು ಅಂತ.

ಮೊದ್ಲು ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್, ಆನಂದರಾವ್ ಸರ್ಕಲ್ ಗಾಂಧಿ ಪ್ರತಿಮೆ, ಹೀಗೆ ಎಲ್ಲಿ ಬೇಕಾದ್ರೂ ನಿಲ್ತಿದ್ರು. ಟ್ರಾಫಿಕ್ ಜಾಮ್ ನೋಡಿ 2021ರಲ್ಲಿ ಹೈಕೋರ್ಟ್ ತಾನಾಗೇ ಒಂದು ಪಿಐಎಲ್ ತಗೊಳ್ತು, ಅದರ ಮಧ್ಯದಲ್ಲೇ ಪ್ರತಿಭಟನೆ ಮೆರವಣಿಗೆಗಳ ಮೇಲೆ ಬೆಂಗಳೂರು ನಗರಕ್ಕೆ ಅಂತಲೇ 2021ರ ಆದೇಶ ಬಂತು: ಪ್ರತಿಭಟನೆ ಏನಿದ್ರೂ ಫ್ರೀಡಂ ಪಾರ್ಕಲ್ಲಿ, ಅದೂ ಅನುಮತಿ ತಗೊಂಡು. 2022ರಲ್ಲಿ ಹೈಕೋರ್ಟ್ ಇದನ್ನ ಕಟ್ಟುನಿಟ್ಟಾಗಿ ಪಾಲಿಸಿ ಅಂತ ಹೇಳಿ ಆ ಕೇಸ್ ಮುಗಿಸ್ತು. ಒಂದೂವರೆ ಕೋಟಿ ಹತ್ರ ಜನ ಇರೋ ಊರಿಗೆ ಸಿಟ್ಟು ತೋರ್ಸೋಕೆ ಒಂದೇ ಒಂದು ಕಾಂಪೌಂಡು ಅನ್ನೋದು ನಂಗೇನೂ ಸರಿ ಕಾಣಲ್ಲ, ಎದುರಿಗಿರೋರಿಗೆ ಕೇಳಿಸ್ದಿದ್ರೆ ಅದು ಪ್ರತಿಭಟನೆನೋ ಪಿಕ್ನಿಕ್ಕೋ. ಆದ್ರೆ ಸದ್ಯಕ್ಕೆ ರೂಲ್ ಇರೋದು ಹಾಗೆ. 2023ರ ಅಕ್ಟೋಬರ್‌ನಲ್ಲಿ ಎಂಜಿ ರೋಡಲ್ಲಿ ಪ್ಯಾಲೆಸ್ತೀನ್ ಪರ ಮೌನವಾಗಿ ನಿಂತಿದ್ದವ್ರ ಮೇಲೂ ಕೇಸ್ ಆಗಿತ್ತು. ಮೌನವಾಗಿದ್ರೂ ಜಾಗ ತಪ್ಪು ಅಂತ.

ಫ್ರೀಡಂ ಪಾರ್ಕ್ ಅಂದ್ರೆ ಶೇಷಾದ್ರಿ ರೋಡಿನ ಹಳೇ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ್ಮೇಲೆ ಇದನ್ನ ಪಾರ್ಕ್ ಮಾಡಿದ್ರು. 1975ರ ಎಮರ್ಜೆನ್ಸಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲೇ ಒಳಗಿದ್ರು, ನಟಿ ಸ್ನೇಹಲತಾ ರೆಡ್ಡಿ ಇಲ್ಲೇ ಇದ್ದು ಆರೋಗ್ಯ ಹಾಳಾಗಿ, ಬಿಟ್ಟ ಸ್ವಲ್ಪ ದಿನಕ್ಕೆ 1977ರ ಜನವರಿಯಲ್ಲಿ ತೀರ್ಕೊಂಡ್ರು. ವಾಚ್ ಟವರ್ ಇನ್ನೂ ಹಾಗೇ ನಿಂತಿದೆ, ಅದರ ಕೆಳಗೆ ಒಂದ್ಕಡೆ ಆಶಾ ಕಾರ್ಯಕರ್ತೆಯರ ಶಾಮಿಯಾನ, ಇನ್ನೊಂದ್ಕಡೆ ರೈತರದ್ದು, ಮಧ್ಯ ಟೀ ಮಾರೋರು. ನಿಮ್ಮದು ಯಾವ ಶಾಮಿಯಾನ ಅಂತ ಕೇಳ್ಕೊಂಡು ಹೋಗಿ, ನಾನೊಂದ್ಸಲ ಅರ್ಧ ಗಂಟೆ ಅತಿಥಿ ಉಪನ್ಯಾಸಕರ ಧರಣಿಯಲ್ಲಿ ಕೂತು ಚಪ್ಪಾಳೆ ತಟ್ಟಿದ್ದೀನಿ (ಅವರ ಬೇಡಿಕೆನೂ ನ್ಯಾಯವಾಗೇ ಇತ್ತು ಬಿಡಿ).

ಪರ್ಪಲ್ ಲೈನಲ್ಲಿ ಬಂದ್ರೆ ಸೆಂಟ್ರಲ್ ಕಾಲೇಜ್ ಸ್ಟೇಷನ್, ಇಲ್ಲಾಂದ್ರೆ ಮೆಜೆಸ್ಟಿಕ್, ಎರಡರಿಂದಲೂ ನಡ್ಕೊಂಡೇ ಹೋಗ್ಬಹುದು. ಗಾಡಿ ತರ್ಬೇಡಿ. ಪಾರ್ಕಿಂಗ್ ಗೋಳು ಒಂದ್ಕಡೆ, ನಿಮ್ಮನ್ನ ಬಸ್ ಹತ್ತಿಸ್ಕೊಂಡು ಹೋದ್ರೆ ಗಾಡಿ ರೋಡಲ್ಲೇ ಉಳ್ಕೊಳ್ಳತ್ತೆ, ಟೋಯಿಂಗ್ ದುಡ್ಡು ಬೇರೆ.

ಪರ್ಮಿಷನ್ ಕಾಪಿ ನಿಮ್ಮ ಫೋನಲ್ಲಿ ಇದ್ಯಾ?

ಪೋಸ್ಟರ್ ಕಳ್ಸಿದವ್ರಿಗೆ ವಾಪಸ್ ಒಂದೇ ಮೆಸೇಜ್ ಹಾಕಿ: "ಪೊಲೀಸ್ ಅನುಮತಿ ಆಗಿದ್ಯಾ, ಕಾಪಿ ಕಳ್ಸಿ". ಸಂಕೋಚ ಪಡ್ಬೇಡಿ, ಸರಿಯಾದ ಸಂಘಟಕರು ಇದನ್ನ ಗ್ರೂಪಲ್ಲೇ ಹಾಕಿರ್ತಾರೆ. ಅದರಲ್ಲಿ ನೋಡ್ಬೇಕಾಗಿರೋದು ದಿನಾಂಕ, ಶುರು ಮುಗಿಯೋ ಟೈಮು, ಎಷ್ಟು ಜನ, ಮೈಕ್‌ಗೆ ಒಪ್ಪಿಗೆ ಇದ್ಯಾ ಇಲ್ವಾ, ಷರತ್ತೇನು. ಟೈಮ್ ಮುಗಿದ್ಮೇಲೆ ಅಲ್ಲೇ ನಿಂತು ಸೆಲ್ಫಿ ತಗೋತಾ ಹರಟೆ ಹೊಡೀತಾ ಇದ್ರೆ ಅದೂ ಅನುಮತಿ ಮೀರಿದ ಹಾಗೇ. ಇಂಗ್ಲಿಷಲ್ಲಿ ಒಂದು, ಕನ್ನಡದಲ್ಲಿ ಒಂದು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಸಾಧ್ಯ ಆದ್ರೆ ಪ್ರಿಂಟ್.

ಇಲ್ಲಿ ಒಂದು ಮಾತು. ಸೇರೋದು ಪೊಲೀಸರು ಕೊಡೋ ಭಿಕ್ಷೆ ಅಲ್ಲ, ಸಂವಿಧಾನದ 19(1)(ಎ) ಮಾತಾಡೋ ಹಕ್ಕು, 19(1)(ಬಿ) ಆಯುಧ ಇಲ್ದೆ ಶಾಂತಿಯಿಂದ ಸೇರೋ ಹಕ್ಕು. ಜಾಗ ಟೈಮು ನಿಯಂತ್ರಿಸ್ಬಹುದು, ಹಕ್ಕನ್ನೇ ಇಲ್ಲ ಅನ್ನೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹಿಮತ್‌ಲಾಲ್ ಶಾ ಕೇಸಲ್ಲಿ ಹೇಳಿದೆ. ಅದೇ ಕೋರ್ಟು 2020ರಲ್ಲಿ ಶಾಹೀನ್ ಬಾಗ್ ಕೇಸಲ್ಲಿ, ಸಾರ್ವಜನಿಕ ರಸ್ತೆನ ಅನಿರ್ದಿಷ್ಟವಾಗಿ ಹಿಡಿದು ಕೂರೋಕಾಗಲ್ಲ ಅಂತಲೂ ಹೇಳಿದೆ. ಎರಡನ್ನೂ ಸೇರ್ಸಿ ಓದಿ, ಒಂದನ್ನೇ ಹಿಡ್ಕೊಂಡು ಗೇಟಲ್ಲಿ ವಾದ ಮಾಡ್ಬೇಡಿ.

ಅನುಮತಿ ನಿರಾಕರಿಸಿದ್ರೆ? ಲಿಖಿತವಾಗಿ ಕಾರಣ ಕೇಳಿ, ಆ ಕಾಗದ ಇದ್ರೆ ಹೈಕೋರ್ಟಿಗೆ ಹೋಗ್ಬಹುದು. 2025ರ ಜುಲೈಯಲ್ಲಿ ಮುಂಬೈಯಲ್ಲಿ ಗಾಜಾ ಪ್ರತಿಭಟನೆಗೆ ಅನುಮತಿ ಕೇಳ್ಕೊಂಡು ಹೋದ ಸಿಪಿಎಂ ಅರ್ಜಿನ ಬಾಂಬೆ ಹೈಕೋರ್ಟ್ ವಜಾ ಮಾಡ್ತು, ನಿಮ್ಮ ದೇಶದ ಸಮಸ್ಯೆ ನೋಡ್ಕೊಳ್ಳಿ ಅನ್ನೋ ಥರ ಬುದ್ಧಿನೂ ಹೇಳ್ತು. ಆದ್ರೆ ಅವ್ರು ಬಿಡ್ಲಿಲ್ಲ, ಮತ್ತೆ ಪೊಲೀಸರಿಗೆ ಅರ್ಜಿ ಹಾಕಿ ಆಗಸ್ಟಲ್ಲಿ ಆಜಾದ್ ಮೈದಾನದಲ್ಲಿ ಮಾಡೇ ಮಾಡಿದ್ರು.

ಇನ್ನು ನಿಷೇಧಾಜ್ಞೆ, ಹಳೇ 144. ಈಗ ಅದು ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದ್ಲು ಬಂದಿರೋ ಕಾನೂನು) ಸೆಕ್ಷನ್ 163, 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಅದು ಜಾರಿಯಲ್ಲಿದ್ರೆ ಹೋಗ್ಬೇಡಿ ಅಂತಲೇ ನನ್ನ ಸಲಹೆ. 2019ರ ಡಿಸೆಂಬರಲ್ಲಿ ಬೆಂಗಳೂರಲ್ಲಿ ಹಾಕಿದ್ದ 144 ಕಾನೂನುಬಾಹಿರ ಅಂತ ನಮ್ಮ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳ್ತು ನಿಜ, ಆದ್ರೆ ಅಷ್ಟರಲ್ಲಿ ಟೌನ್ ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಸೇರಿ ಎಷ್ಟೋ ಜನರನ್ನ ಎಳ್ಕೊಂಡು ಹೋಗಿ ಆಗಿತ್ತು. ತೀರ್ಪು ಎರಡು ತಿಂಗಳ ಮೇಲೆ ಬರತ್ತೆ, ಬಸ್ ಎರಡೇ ನಿಮಿಷಕ್ಕೆ ಬರತ್ತೆ.

ಫಲಕ, ಬಾವುಟ, ಘೋಷಣೆ

ನನ್ನ ಮೊದಲ್ನೇ ಫಲಕ ಸ್ಕೆಚ್ ಪೆನ್ನಲ್ಲಿ ಚಾರ್ಟ್ ಪೇಪರ್ ಮೇಲೆ ಬರ್ದಿದ್ದೆ. ಸೆಪ್ಟೆಂಬರ್ ಮಳೆ, ಮೂರು ಗಂಟೆಗೆ ಶುರುವಾಗಿದ್ದು ಹತ್ತೇ ನಿಮಿಷದಲ್ಲಿ "ಗಾಜಾದ ಮಕ್ಕಳಿಗೆ ಅನ್ನ ಹೋಗಲು ಬಿಡಿ" ಅನ್ನೋದರಲ್ಲಿ "ಅನ್ನ" ಪೂರ್ತಿ ಕರಗಿ ನನ್ನ ಬಿಳಿ ಶರ್ಟ್ ಮೇಲೆ ಇಳೀತು. ಆಮೇಲಿಂದ ಪರ್ಮನೆಂಟ್ ಮಾರ್ಕರ್, ಮೇಲೆ ಅಡುಗೆಮನೆ ಪ್ಲಾಸ್ಟಿಕ್ ಕವರ್ ಹಾಕಿ ಟೇಪ್. ಕೋಲು ಬೇಡ, ಕೈಯಲ್ಲೇ ಹಿಡ್ಕೊಳ್ಳಿ. ದಪ್ಪ ಬಿದಿರಿನ ಕೋಲು ನಿಮಗೆ ಕೋಲು, ಅವರ ರಿಪೋರ್ಟಲ್ಲಿ ದೊಣ್ಣೆ.

ಕನ್ನಡದಲ್ಲಿ ಬರೀರಿ. ಇಂಗ್ಲಿಷ್ ಫಲಕ ಫೋಟೋಗೆ ಚೆಂದ, ಆದ್ರೆ ಬಂದೋಬಸ್ತಲ್ಲಿ ಇರೋ ಪೊಲೀಸರು, ಟೀ ಮಾರೋರು, ಪಕ್ಕದ ಶಾಮಿಯಾನದ ಅಕ್ಕಂದಿರು ಓದೋದು ಕನ್ನಡ. "ಇದೇನು ಬರ್ದಿದ್ದೀರಾ?" ಅನ್ನೋ ಅನುಮಾನವೇ ಬರಲ್ಲ. ಅರಬ್ಬಿ ಘೋಷಣೆ ನಿಮಗೆ ಅರ್ಥ ಗೊತ್ತಿಲ್ದಿದ್ರೆ ಕೂಗ್ಬೇಡಿ, ಯಾರೋ ಕೂಗಿದ್ದಕ್ಕೆ ದನಿ ಸೇರಿಸ್ಬೇಡಿ.

ಪ್ಯಾಲೆಸ್ತೀನ್ ಬಾವುಟ ಹಿಡಿಯೋದೇ ಅಪರಾಧ ಅಂತ ಯಾವ ಕಾನೂನೂ ಇಲ್ಲ, ಮಾನ್ಯತೆ ಕೊಟ್ಟ ದೇಶದ ಬಾವುಟ ಅದು. ಆದ್ರೂ 2024ರ ಈದ್ ಮಿಲಾದ್ ಟೈಮಲ್ಲಿ ಚಿಕ್ಕಮಗಳೂರಲ್ಲಿ ಬಾವುಟ ಹಿಡ್ಕೊಂಡು ಗಾಡಿಯಲ್ಲಿ ಹೋದ ಹುಡುಗರನ್ನ ವಶಕ್ಕೆ ತಗೊಂಡಿದ್ರು. ಹಾಗಾಗಿ ಬಾವುಟ ಬ್ಯಾಗಲ್ಲಿ ಮಡಚಿಟ್ಕೊಂಡು ಹೋಗಿ, ಶಾಮಿಯಾನದ ಒಳಗೆ ಬಿಚ್ಚಿ, ಹೊರಡೋವಾಗ ಮತ್ತೆ ಮಡಚಿ. ಮೆಟ್ರೋದಲ್ಲಿ ಹೊದ್ಕೊಂಡು ಹೋಗೋ ಹುಮ್ಮಸ್ಸು ಬೇಡ. ಕಲ್ಲಂಗಡಿ ಚಿತ್ರ, ಚೌಕಳಿ ಕೆಫಿಯೆ ಶಾಲು, ಬೀಗದಕೈ ಚಿತ್ರ ಇವೆಲ್ಲ ಹಳೇ ಗುರುತುಗಳೇ, ತೊಂದ್ರೆ ಇಲ್ಲ.

ಗೆರೆ ಎಲ್ಲಿದೆ ಅಂದ್ರೆ, ಇಸ್ರೇಲ್ ಸರ್ಕಾರನ ಬೈದ್ರೆ ಅದು ರಾಜಕೀಯ ಮಾತು, ಯಹೂದಿಗಳನ್ನ ಬೈದ್ರೆ ಅದು ದ್ವೇಷ. ಯಾವ ಸಶಸ್ತ್ರ ಗುಂಪಿನ ಬಾವುಟ, ನಾಯಕರ ಫೋಟೋ ಬೇಡ, ಅಕ್ಟೋಬರ್ 7ನ್ನ ಹೊಗಳೋ ಮಾತಂತೂ ಬೇಡವೇ ಬೇಡ. ಧರ್ಮ ಧರ್ಮಗಳ ಮಧ್ಯ ದ್ವೇಷ ಹುಟ್ಟಿಸೋದಕ್ಕೆ ಬಿಎನ್‌ಎಸ್ (ಹಳೇ ಐಪಿಸಿ ಬದ್ಲು ಬಂದಿರೋದು) ಸೆಕ್ಷನ್ 196, ಮೂರು ವರ್ಷದ ತನಕ ಶಿಕ್ಷೆ, ಜಾಮೀನುರಹಿತ. ಇದು ಬರೀ ಕಾನೂನಿಗೆ ಹೆದರಿ ಹೇಳ್ತಿರೋದಲ್ಲ. ಸತ್ತ ಮಕ್ಕಳ ಹೆಸರಲ್ಲಿ ಸೇರಿ ಇನ್ನೊಬ್ಬರ ಸಾವಿಗೆ ಶಿಳ್ಳೆ ಹೊಡೆಯೋನ ಪಕ್ಕ ನಂಗೆ ನಿಲ್ಲೋಕಾಗಲ್ಲ, ಅಂಥವ್ರು ಒಬ್ರಿದ್ರೂ ವಾಲಂಟಿಯರಿಗೆ ಹೇಳಿ ದೂರ ಸರೀರಿ.

ಹಿಂದಿನ ರಾತ್ರಿ

ಬ್ಯಾಗಲ್ಲಿ: ನೀರು, ಬಿಸ್ಕೆಟ್ಟೋ ಚಕ್ಕುಲಿನೋ, ದಿನಾ ತಗೊಳ್ಳೋ ಮಾತ್ರೆ ಒಂದು ದಿನಕ್ಕೆ ಜಾಸ್ತಿ (ಶುಗರ್ ಬಿಪಿ ಇರೋರು ಇದನ್ನ ಮರೀಲೇಬೇಡಿ), ಐಡಿ ಕಾರ್ಡ್ ಜೆರಾಕ್ಸ್, ಇನ್ನೂರು ಮುನ್ನೂರು ರೂಪಾಯಿ ಚಿಲ್ಲರೆ, ಕೊಡೆ ಬದ್ಲು ರೇನ್‌ಕೋಟ್. ಚೂಪಾದ್ದು, ಲೈಟರ್, ಬಣ್ಣದ ಸ್ಪ್ರೇ ಮನೇಲಿರ್ಲಿ.

ಎಡಗೈ ಮೇಲೆ ಬಾಲ್‌ಪೆನ್ನಲ್ಲಿ ಎರಡು ನಂಬರ್ ಬರ್ಕೊಳ್ಳಿ, ಒಬ್ರು ವಕೀಲರದ್ದು, ಒಬ್ರು ಮನೆಯವರದ್ದು. ಫೋನ್ ಕಿತ್ಕೊಂಡ್ರೆ ಅಮ್ಮನ ನಂಬರೂ ನೆನಪಿರಲ್ಲ ನಮಗೆ, ನನಗಂತೂ ಅವತ್ತು ನೆನಪಾಗಿದ್ದು ಮನೆ ಹಳೇ ಲ್ಯಾಂಡ್‌ಲೈನ್ ನಂಬರ್, ಅದು ಡಿಸ್ಕನೆಕ್ಟ್ ಆಗಿ ಎಂಟು ವರ್ಷ ಆಗಿತ್ತು. ವಕೀಲರು ಯಾರೂ ಗೊತ್ತಿಲ್ಲ ಅಂದ್ರೆ 15100, ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ಹೆಂಗಸ್ರು, ಎಸ್‌ಸಿ ಎಸ್‌ಟಿ, ಕಸ್ಟಡಿಯಲ್ಲಿರೋ ಯಾರೇ ಆಗ್ಲಿ, ಆದಾಯ ಎಷ್ಟಿದ್ರೂ ಉಚಿತ ವಕೀಲರು ಸಿಗ್ತಾರೆ.

ಫೋನಲ್ಲಿ ಬೆರಳು, ಮುಖ ಎರಡೂ ಲಾಕ್ ಆಫ್ ಮಾಡಿ ಆರಂಕಿ ಪಿನ್ ಇಡಿ. ಲೊಕೇಶನ್ ಮನೆಯವ್ರಿಗೆ ಶೇರ್ ಮಾಡಿ. ಫೋನ್ ತೋರ್ಸಿ ಅಂದ ತಕ್ಷಣ ಬಿಚ್ಚಿ ಕೊಡ್ಬೇಕಾಗಿಲ್ಲ. 2021ರಲ್ಲಿ ವೀರೇಂದ್ರ ಖನ್ನಾ ಕೇಸಲ್ಲಿ ನಮ್ಮ ಹೈಕೋರ್ಟು, ಫೋನ್ ಸರ್ಚ್ ಮಾಡೋಕೆ ಸಾಮಾನ್ಯವಾಗಿ ವಾರಂಟ್ ಬೇಕು ಅಂದಿದೆ. ಜಗಳ ಬೇಡ, "ಸಾರ್, ವಾರಂಟ್ ಇದ್ರೆ ಕೊಡ್ತೀನಿ" ಅಂತ ಮೆಲ್ಲಗೆ ಹೇಳಿ.

ಕೆಲವ್ರು ಮಾತ್ರ ಎರಡೆರಡು ಸಲ ಯೋಚಿಸ್ಬೇಕು. ವಿದೇಶಿ ವಿದ್ಯಾರ್ಥಿಗಳಿಗೆ 19ನೇ ವಿಧಿ ಇಲ್ಲ, ಅದು ಭಾರತದ ನಾಗರಿಕರಿಗೆ ಮಾತ್ರ. 2019ರಲ್ಲಿ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ವಿರೋಧಿ ಪ್ರತಿಭಟನೆಗೆ ಹೋಗಿದ್ದಕ್ಕೆ ಐಐಟಿ ಮದ್ರಾಸಿನ ಜರ್ಮನ್ ಹುಡುಗನ್ನ ದೇಶ ಬಿಟ್ಟು ಹೋಗು ಅಂದ್ರು. ನಿಮ್ಮ ವಿದೇಶಿ ಫ್ರೆಂಡ್ಸನ್ನ ಪ್ರೀತಿಯಿಂದ ಕರ್ಕೊಂಡು ಹೋಗಿ ಅವ್ರ ವೀಸಾ ಕಳೀಬೇಡಿ. ಸರ್ಕಾರಿ ನೌಕರರು ನಡತೆ ನಿಯಮ ಓದ್ಕೊಳ್ಳಿ. ಹದಿನೆಂಟು ತುಂಬದ ಮಕ್ಕಳನ್ನ ಲಾಕಪ್ಪಿಗೆ ಹಾಕೋ ಹಾಗಿಲ್ಲ, ಆದ್ರೂ ಒಬ್ರೇ ಕಳಿಸ್ಬೇಡಿ. ಇನ್ನೊಂದು, ಹೇಳೋಕೆ ಬೇಜಾರು, ಆದ್ರೆ ಹೇಳ್ದೆ ಇದ್ರೆ ಸುಳ್ಳಾಗತ್ತೆ: ಅದೇ ಫಲಕ ಹಿಡ್ದ ಇಬ್ಬರಲ್ಲಿ ಮೊದ್ಲು ಹೆಸರು ಕೇಳೋದು ಟೋಪಿ ಹಾಕಿದವ್ರನ್ನ, ಹಿಜಾಬ್ ಹಾಕಿದವ್ರನ್ನ. ನಿಮ್ಮ ಹೆಸರು ನನ್ನ ಹೆಸರಿನ ಥರ ಯಾರ ಕಣ್ಣಿಗೂ ಬೀಳದ ಹೆಸರಾಗಿದ್ರೆ ಗೇಟ್ ಕಡೆ ನೀವು ನಿಂತ್ಕೊಳ್ಳಿ, ಮಾತಾಡೋ ಕೆಲಸ ನೀವು ತಗೊಳ್ಳಿ.

ಅಲ್ಲಿಗೆ ಹೋದ್ಮೇಲೆ

ಇಬ್ರು ಜೋಡಿ ಮಾಡ್ಕೊಳ್ಳಿ, ಒಬ್ರು ಬಾತ್‌ರೂಮಿಗೆ ಹೋದ್ರೂ ಇನ್ನೊಬ್ರಿಗೆ ಗೊತ್ತಿರ್ಲಿ. ಫುಟ್‌ಪಾತ್ ಆಗ್ಲಿ ರೋಡ್ ಆಗ್ಲಿ ಅಡ್ಡ ನಿಲ್ಬೇಡಿ. ವಿಡಿಯೋ ಮಾಡಿ, ಆದ್ರೆ ಪಕ್ಕದವ್ರ ಮುಖ ಕೇಳ್ದೆ ಹಾಕ್ಬೇಡಿ, ನಿಮಗೆ ಸ್ಟೋರಿ, ಅವ್ರಿಗೆ ಕೆಲಸ ಹೋಗೋ ವಿಷಯ ಆಗಿರ್ಬಹುದು. ಸಿವಿಲ್ ಡ್ರೆಸ್ಸಲ್ಲಿ ಬಂದು ಎಲ್ರ ಫೋಟೋ ತೆಗ್ಯೋರು ಇರ್ತಾರೆ, ಇಂಟೆಲಿಜೆನ್ಸ್‌ನವ್ರು, ನೋಡಿ ನಕ್ಕು ಸುಮ್ನಾಗಿ.

ಬೈಯೋಕೆ ಬರೋ ಇನ್ನೊಂದು ಗುಂಪು ಬಂದ್ರೆ ಉತ್ತರ ಕೊಡ್ಲೇಬೇಡಿ. ಅವ್ರಿಗೆ ಬೇಕಾಗಿರೋದು ತಳ್ಳಾಟದ ಹತ್ತು ಸೆಕೆಂಡ್ ವಿಡಿಯೋ.

ಮೈಕಲ್ಲಿ ಪೊಲೀಸರು "ಇದು ಕಾನೂನುಬಾಹಿರ ಕೂಟ, ಚದುರಿ ಹೋಗಿ" ಅಂದ್ರೆ ಅಲ್ಲಿಗೆ ಆಟ ಬದಲಾಯ್ತು ಅಂತ ತಿಳ್ಕೊಳ್ಳಿ. ಠಾಣಾಧಿಕಾರಿಗೆ ಹಾಗೆ ಹೇಳೋ ಅಧಿಕಾರ ಬಿಎನ್‌ಎಸ್‌ಎಸ್ 148ರಲ್ಲಿ ಇದೆ. ಹೇಳಿದ್ಮೇಲೂ ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಗುಂಪಲ್ಲಿ ಉಳ್ಕೊಂಡ್ರೆ ಅದೇ ಅಪರಾಧ, ಆರು ತಿಂಗಳ ತನಕ ಜೈಲು, ಕೂಟವೇ ಕಾನೂನುಬಾಹಿರ ಅಂತಾದ್ರೆ ಎರಡು ವರ್ಷದ ತನಕ. ಅಷ್ಟು ಹೊತ್ತು ನೀವು ಮಾಡಿದ್ದು ಪೂರ್ತಿ ಸರಿಯಾಗಿದ್ರೂ ಆ ಕ್ಷಣದಿಂದ ಲೆಕ್ಕ ಬೇರೆ. ಉಳ್ಕೊಂಡು ಬಂಧನಕ್ಕೆ ಒಳಗಾಗೋದೂ ಒಂದು ಹೋರಾಟದ ದಾರಿ, ಸ್ವಾತಂತ್ರ್ಯ ಚಳವಳಿಯಿಂದ ಬಂದಿರೋದು, ಅದು ನಿಮ್ಮ ನಿರ್ಧಾರ. ಆದ್ರೆ ನಿರ್ಧಾರ ಮಾಡಿ ಉಳ್ಕೊಳ್ಳಿ, ಏನಾಗ್ತಿದೆ ಅಂತ ಗೊತ್ತಾಗ್ದೆ ಉಳ್ಕೋಬೇಡಿ.

ಬಸ್ ಹತ್ತಿಸಿದ್ರೆ

ಇಲ್ಲಿ ಎರಡು ಪದ ಇದೆ, ಅದೆರಡರ ವ್ಯತ್ಯಾಸ ಗೊತ್ತಿದ್ರೆ ಅರ್ಧ ಭಯ ಹೋಗತ್ತೆ: "ವಶಕ್ಕೆ" ಮತ್ತೆ "ಬಂಧನ". ಬೆಂಗಳೂರಲ್ಲಿ ಪ್ರತಿಭಟನೆಯಲ್ಲಿ ಬಸ್ ಹತ್ತಿಸ್ತಾರಲ್ಲ, ಅದು ಸಾಮಾನ್ಯವಾಗಿ ವಶ. ಯಾವುದೋ ಮೈದಾನಕ್ಕೋ ಮದುವೆ ಹಾಲಿಗೋ ಕರ್ಕೊಂಡು ಹೋಗಿ, ಹೆಸರು ಅಡ್ರೆಸ್ ಬರ್ಕೊಂಡು ಸಂಜೆ ಬಿಡ್ತಾರೆ. ಇದಕ್ಕೆ ಅವ್ರು ಹೇಳೋದು ಬಿಎನ್‌ಎಸ್‌ಎಸ್ ಸೆಕ್ಷನ್ 170, ಅಪರಾಧ ಆಗೋದನ್ನ ತಡೆಯೋಕೆ, 24 ಗಂಟೆ ದಾಟೋ ಹಾಗಿಲ್ಲ. ಅಥವಾ 172, ಹೊಸ ಕಾನೂನಲ್ಲಿ ಬಂದಿರೋದು, ಪೊಲೀಸರ ನ್ಯಾಯವಾದ ಸೂಚನೆ ಕೇಳ್ದಿದ್ರೆ ಅಲ್ಲಿಂದ ತೆಗ್ದುಹಾಕ್ಬಹುದು, ಸಣ್ಣ ವಿಷಯ ಆದ್ರೆ 24 ಗಂಟೆ ಒಳಗೆ ಬಿಡ್ಬಹುದು. ಬಂಧನ ಅಂದ್ರೆ ಕೇಸ್, ಅರೆಸ್ಟ್ ಮೆಮೋ, ಮ್ಯಾಜಿಸ್ಟ್ರೇಟ್.

ಹಾಗಾಗಿ ಬಾಯಿಪಾಠ ಮಾಡ್ಬೇಕಾಗಿರೋ ಪ್ರಶ್ನೆ: "ಸಾರ್, ನಮ್ಮನ್ನ ವಶಕ್ಕೆ ತಗೊಂಡಿದ್ದೀರಾ ಅರೆಸ್ಟ್ ಮಾಡಿದ್ದೀರಾ? ಯಾವ ಸೆಕ್ಷನ್? ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಾ?" ದನಿ ಏರಿಸ್ಬೇಡಿ. ನಾನು ಕೇಳ್ದಾಗ ಬಸ್ ಬಾಗಿಲಲ್ಲಿ ನಿಂತಿದ್ದ ಲೇಡಿ ಕಾನ್‌ಸ್ಟೇಬಲ್, ಹಣೆ ಬೆವರು ಒರೆಸ್ಕೊಂಡು, "ನಂಗೂ ಗೊತ್ತಿಲ್ಲ ಸರ್, ಡ್ರೈವರನ್ನ ಕೇಳಿ" ಅಂದ್ರು. ಡ್ರೈವರ್ ಬಿಎಂಟಿಸಿಯವ್ರು, ಅವ್ರು ಕನ್ನಡೀಲಿ ನೋಡಿ, "ನನ್ನ ಡ್ಯೂಟಿ ಎರಡು ಗಂಟೆಗೇ ಮುಗೀಬೇಕಿತ್ತು" ಅಂದ್ರು. ಇಡೀ ಬಸ್ ನಕ್ತು. ಜಾಗದ ಹೆಸರು ಮಾತ್ರ ಹೇಳಿದ್ರು, ಅದನ್ನ ತಕ್ಷಣ ಮನೆಗೆ, ವಕೀಲರಿಗೆ ಮೆಸೇಜ್ ಹಾಕಿದ್ವಿ. ನೀವೂ ಮೊದ್ಲು ಮಾಡ್ಬೇಕಾಗಿರೋದು ಅದೇ: ಬಸ್ ನಂಬರ್, ಎಷ್ಟು ಜನ, ಎಲ್ಲಿಗೆ. ಫೋನ್ ಇನ್ನೂ ಕೈಯಲ್ಲಿದ್ದಾಗ.

ಎಳೆದ್ರೆ ಎದುರು ಎಳೀಬೇಡಿ, ಕೈ ಎತ್ಬೇಡಿ. ಹೆಂಗಸ್ರನ್ನ ಮುಟ್ಟೋದು, ತಪಾಸಣೆ ಮಾಡೋದು ಮಹಿಳಾ ಸಿಬ್ಬಂದಿನೇ ಆಗ್ಬೇಕು. ಸೂರ್ಯ ಮುಳುಗಿದ್ಮೇಲೆ, ಹುಟ್ಟೋ ಮುಂಚೆ ಹೆಂಗಸ್ರನ್ನ ಬಂಧಿಸೋ ಹಾಗಿಲ್ಲ, ತೀರಾ ವಿಶೇಷ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮೂಲಕ, ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡು ಮಾತ್ರ. ಪೊಲೀಸರ ಎದೆ ಮೇಲೆ ಹೆಸರು ಕಾಣೋ ಹಾಗಿರ್ಬೇಕು, ಅದು ಬಿಎನ್‌ಎಸ್‌ಎಸ್ ಸೆಕ್ಷನ್ 36. ಕಾಣ್ದಿದ್ರೆ ಟೈಮು, ಮುಖದ ಗುರುತು ನೆನಪಿಟ್ಕೊಳ್ಳಿ.

ನಿಜವಾಗ್ಲೂ ಬಂಧನ ಅಂದ್ರೆ, ಕಾರಣ ತಕ್ಷಣ ಹೇಳ್ಬೇಕು, ನಿಮ್ಮ ಇಷ್ಟದ ವಕೀಲರ ಜೊತೆ ಮಾತಾಡೋಕೆ ಬಿಡ್ಬೇಕು, ಇದು ಸಂವಿಧಾನದ 22ನೇ ವಿಧಿ, ವಿದೇಶಿಯರಿಗೂ ಇದೆ. ಮನೆಯವ್ರಿಗೋ ಫ್ರೆಂಡಿಗೋ ತಿಳಿಸೋದು ಪೊಲೀಸರ ಕೆಲಸ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ. ವೈದ್ಯಕೀಯ ಪರೀಕ್ಷೆ ಆಗ್ಬೇಕು, ಏಟು ಬಿದ್ದಿದ್ರೆ ಡಾಕ್ಟರ್ ಹತ್ರ ಬಾಯಿ ಬಿಟ್ಟು ಹೇಳಿ, ಬರ್ಸಿ. ಅರವತ್ತು ದಾಟಿದವ್ರನ್ನ ಮೂರು ವರ್ಷಕ್ಕಿಂತ ಕಮ್ಮಿ ಶಿಕ್ಷೆಯ ಅಪರಾಧಕ್ಕೆ ಬಂಧಿಸ್ಬೇಕು ಅಂದ್ರೆ ಡಿವೈಎಸ್‌ಪಿ ದರ್ಜೆಗೆ ಕಮ್ಮಿ ಇಲ್ದ ಅಧಿಕಾರಿ ಒಪ್ಪಿಗೆ ಬೇಕು, ಬೆಂಗಳೂರಲ್ಲಿ ಅಂದ್ರೆ ಎಸಿಪಿ.

ಪ್ರತಿಭಟನೆಯಲ್ಲಿ ಹಾಕೋ ಸೆಕ್ಷನ್ನುಗಳು ಜಾಸ್ತಿ ಸಲ ಜಾಮೀನು ಸಿಗೋವೇ: ಬಿಎನ್‌ಎಸ್‌ನ ಕಾನೂನುಬಾಹಿರ ಕೂಟ 189, ಆದೇಶ ಮೀರಿದ್ದು 223, ದಾರಿಗೆ ಅಡ್ಡಿ 285. ಇವುಕ್ಕೆ ಸ್ಟೇಷನ್ನಲ್ಲೇ ಜಾಮೀನು ಕೇಳೋದು ನಿಮ್ಮ ಹಕ್ಕು.

ಹೆಸರು ಅಡ್ರೆಸ್ ಸರಿಯಾಗಿ ಕೊಡಿ, ಸುಳ್ಳು ಹೇಳ್ಬೇಡಿ. ಅದಕ್ಕಿಂತ ಜಾಸ್ತಿ, "ಯಾರು ಕರೆದ್ರು, ದುಡ್ಡು ಎಲ್ಲಿಂದ" ಅಂತೆಲ್ಲ ಕೇಳಿದ್ರೆ ವಕೀಲರು ಬರ್ಲಿ ಸಾರ್ ಅನ್ನಿ. ಖಾಲಿ ಹಾಳೆಗೆ ಸಹಿ ಮಾತ್ರ ಯಾವ ಕಾರಣಕ್ಕೂ ಬೇಡ. ಸಂಜೆ ಬಿಡೋವಾಗ ಎಲ್ರಿಗೂ ಮನೆಗೆ ಹೋಗೋ ಆತುರ, ಆಗ ಒಂದು ಕಾಗದ ಮುಂದಿಡ್ತಾರೆ, ಮುಚ್ಚಳಿಕೆ. ಅದರಲ್ಲಿ "ಇನ್ನು ಮುಂದೆ ಯಾವುದೇ ಪ್ರತಿಭಟನೆಯಲ್ಲಿ ಭಾಗವಹಿಸುವುದಿಲ್ಲ" ಅಂತ ಒಂದು ಸಾಲು ನುಗ್ಗಿಸಿರ್ಬಹುದು. ನಮ್ಮ ಗುಂಪಲ್ಲಿ ಆ ಚಕ್ಕುಲಿ ಅಕ್ಕ ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಬೆರಳಿಟ್ಟು ಜೋರಾಗಿ ಓದಿದ್ರು, ಆ ಸಾಲಿಗೆ ಬಂದು ನಿಂತು, "ಇದು ಹೊಡೀರಿ ಸಾರ್, ಸೋಮವಾರ ನಮ್ದು ಇನ್ನೊಂದು ಧರಣಿ ಇದೆ" ಅಂದ್ರು. ಪಿಎಸ್‌ಐ ಒಂದು ನಿಮಿಷ ನೋಡಿ, ಪೆನ್ ತಗೊಂಡು ಗೀಟು ಎಳೆದ್ರು. ನಾವೆಲ್ಲ ನಮ್ಮ ನಮ್ಮ ಹಾಳೇಲೂ ಎಳೆಸ್ಕೊಂಡ್ವಿ. ಸಹಿ ಹಾಕೋ ಮುಂಚೆ ಫೋಟೋ ತೆಗ್ಯೋಕೆ ಕೇಳಿ, ಇಲ್ಲ ಅಂದ್ರೆ ಸಹಿ ಪಕ್ಕ ಟೈಮ್ ಬರೀರಿ.

ಆಮೇಲೆ

ಮನೆಗೆ ಬಂದ್ಮೇಲೆ ಅವತ್ತೇ ರಾತ್ರಿ ನಡೆದಿದ್ದೆಲ್ಲ ಟೈಮ್ ಸಮೇತ ಬರ್ದಿಡಿ. ಎಫ್‌ಐಆರ್ ಆಗಿದ್ಯಾ ಅಂತ ಪೊಲೀಸ್ ವೆಬ್‌ಸೈಟಲ್ಲಿ ನೋಡಿ. ಸೂಕ್ಷ್ಮ ಅಲ್ದ ಎಫ್‌ಐಆರ್ 24 ಗಂಟೆ ಒಳಗೆ ಹಾಕ್ಬೇಕು ಅಂತ 2016ರಿಂದ ಸುಪ್ರೀಂ ಕೋರ್ಟ್ ಆದೇಶ ಇದೆ.

ವಾರದ ಮೇಲೆ ಹಾಜರಾಗಿ ಅಂತ ನೋಟಿಸ್ ಬಂದ್ರೆ, ಅದು ಬಿಎನ್‌ಎಸ್‌ಎಸ್ ಸೆಕ್ಷನ್ 35(3)ರದ್ದಾ ನೋಡಿ. ಬರೀ ವಾಟ್ಸಾಪಲ್ಲಿ ಕಳ್ಸಿದ್ರೆ ಅದು ಸರಿಯಾದ ಜಾರಿ ಅಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಂತ ಡಿಲೀಟ್ ಮಾಡಿ ಮಲಗ್ಬೇಡಿ, ವಕೀಲರಿಗೆ ತೋರ್ಸಿ. ಸರಿಯಾಗಿ ಕೊಟ್ಟ ನೋಟಿಸಿಗೆ ಹೋಗಿ ಬನ್ನಿ, ಹೋದ್ರೆ ಸಾಮಾನ್ಯವಾಗಿ ಅರೆಸ್ಟ್ ಇಲ್ಲ, ಹೋಗ್ದಿದ್ರೆ ಕಷ್ಟ. ಸಾಕ್ಷಿಯಾಗಿ ಕರೆದ್ರೆ ಹೆಂಗಸ್ರು, ಅರವತ್ತು ದಾಟಿದ ಗಂಡಸ್ರು ಸ್ಟೇಷನ್ನಿಗೆ ಹೋಗ್ಬೇಕಾಗಿಲ್ಲ, ಅವ್ರೇ ಮನೆಗೆ ಬರ್ಬೇಕು. ಇನ್ನು 223 ಕೇಸಲ್ಲಿ ಒಂದು ಸೂಕ್ಷ್ಮ ಇದೆ, ಸಂಬಂಧಪಟ್ಟ ಅಧಿಕಾರಿ ತಾನೇ ಲಿಖಿತ ದೂರು ಕೊಡ್ದೆ ಕೋರ್ಟ್ ಅದನ್ನ ವಿಚಾರಣೆಗೆ ತಗೊಳ್ಳೋ ಹಾಗಿಲ್ಲ. ಇದನ್ನ ನಿಮ್ಮ ವಕೀಲರಿಗೆ ನೆನಪಿಸಿ, ರದ್ದು ಮಾಡ್ಸೋಕೆ ಹೈಕೋರ್ಟಿಗೆ ಹೋಗೋವಾಗ ಇದೇ ಮೊದಲ್ನೇ ಪಾಯಿಂಟ್.

ಪಾಸ್‌ಪೋರ್ಟ್ ವಿಷಯ, ಐಟಿಯವ್ರೆಲ್ಲ ಕಾಯ್ತಿರೋದು ಇದಕ್ಕೇ. ಬರೀ ವಶಕ್ಕೆ ತಗೊಂಡು ಬಿಟ್ರೆ ಅಲ್ಲಿ ಕೇಸೇ ಇಲ್ಲ. ಎಫ್‌ಐಆರ್ ಆದ ಮಾತ್ರಕ್ಕೆ ಕೋರ್ಟಲ್ಲಿ ಕೇಸ್ ಬಾಕಿ ಇದೆ ಅಂತ ಆಗಲ್ಲ. ಚಾರ್ಜ್‌ಶೀಟ್ ಹಾಕಿ ಕೋರ್ಟ್ ಅದನ್ನ ತಗೊಂಡ್ಮೇಲೆ ಪಾಸ್‌ಪೋರ್ಟ್ ಕಾಯ್ದೆಯ ಅಡ್ಡಿ ಬರತ್ತೆ, ಆಗ್ಲೂ ಕೋರ್ಟ್ ಅನುಮತಿ ಪತ್ರ ತಗೊಂಡು ಮಾಡ್ಸೋ ದಾರಿ ಇದೆ. ಫಾರ್ಮಲ್ಲಿ ಕೇಳಿದ್ರೆ ಮುಚ್ಚಿಡ್ಬೇಡಿ, ಕೇಸಿಗಿಂತ ಸುಳ್ಳು ಹೇಳಿದ್ದೇ ದೊಡ್ಡ ತಲೆನೋವಾಗತ್ತೆ. ನನ್ನ ರಿನ್ಯೂವಲ್ ಆ ಬಸ್ ಪ್ರಯಾಣ ಆಗಿ ಏಳು ತಿಂಗಳಿಗೆ ಬಂತು, ವೆರಿಫಿಕೇಶನ್ನಿಗೆ ಬಂದ ಕಾನ್‌ಸ್ಟೇಬಲ್ ಅಮ್ಮ ಕೊಟ್ಟ ಕಾಫಿ ಕುಡ್ದು, ಬಾಡಿಗೆ ಕರಾರು ಪತ್ರ ನೋಡಿ, ಆ ವಿಷಯ ಕೇಳ್ಲೇ ಇಲ್ಲ. ಆಫೀಸಿಗೆ ಸಂಬಂಧಪಟ್ಟ ಹಾಗೆ, ನಿಮ್ಮ ಕಂಪ್ನಿ ಸೋಶಿಯಲ್ ಮೀಡಿಯಾ ಪಾಲಿಸಿ ಓದಿ, ಐಡಿ ಕಾರ್ಡ್ ಟ್ಯಾಗ್ ಕುತ್ತಿಗೆಯಲ್ಲಿ ಹಾಕ್ಕೊಂಡು ಪ್ರತಿಭಟನೆಗೆ ಹೋಗ್ಬೇಡಿ (ನಕ್ಕುಬಿಡಿ, ನಾನು ಹೋಗಿದ್ದೆ).

ಹೋಗ್ಬೇಕು ಅನ್ನೋರಿಗೆ ದಿನಗಳು: ಮಾರ್ಚ್ 30 ಭೂಮಿ ದಿನ, ಮೇ 15 ನಕ್ಬಾ, ನವೆಂಬರ್ 29 ವಿಶ್ವಸಂಸ್ಥೆಯ ಪ್ಯಾಲೆಸ್ತೀನ್ ಸೌಹಾರ್ದ ದಿನ. ಇವುಗಳ ಹತ್ರದ ಭಾನುವಾರ ಫ್ರೀಡಂ ಪಾರ್ಕಲ್ಲಿ ಏನಾದ್ರೂ ಇದ್ಯಾ ಅಂತ ವಿಚಾರಿಸಿ. ಮೊದಲ್ನೇ ಸಲ ಬರೋರು ಮೌರ್ಯ ಸರ್ಕಲ್ ಹತ್ರ ಹತ್ತೂವರೆಗೆ ಸಿಗಿ, ಮಾರ್ಕರ್ ಪ್ಲಾಸ್ಟಿಕ್ ಕವರ್ ನಾನು ತರ್ತೀನಿ, ಚಕ್ಕುಲಿ ಯಾರಾದ್ರೂ ತನ್ನಿ.